ಮಾತ್ರೆ ಊರಲ್ಲಿ, ಮೊಟ್ಟೆ ಊರಲ್ಲಿ, ಮಗು ಪುಣೆಯಲ್ಲಿ

ಧನಕವಡಿಯ ನಮ್ಮ ಗಲ್ಲಿಯಲ್ಲಿ ಹಳೆಯ ಸೊಸೈಟಿಗಳನ್ನು ಒಂದೊಂದಾಗಿ ಕೆಡವಿ ಹೊಸದಾಗಿ ಕಟ್ಟುತ್ತಿದ್ದಾರೆ. ಬೆಳಿಗ್ಗೆ ಆಫೀಸಿಗೆಂದು ಕೆಳಗಿಳಿದರೆ ಮೊದಲು ಕಿವಿಗೆ ಬೀಳುವುದು ಮರಾಠಿಯಲ್ಲ, ಯಾದಗಿರಿ ಕಡೆಯ ಕನ್ನಡ. ನಾನು ವಿಜಯಪುರ ಜಿಲ್ಲೆಯ ಇಂಡಿ ತಾಲ್ಲೂಕಿನವನು. ಆ ಮಾತು ಕೇಳಿದರೆ ಕಾಲು ತಾನಾಗಿಯೇ ನಿಲ್ಲುತ್ತದೆ. ಪಕ್ಕದ ಕಟ್ಟಡದ ವಾಚ್‌ಮನ್ ಕುಟುಂಬದ ಪರಿಚಯವಾದದ್ದು ಹಾಗೆಯೇ. ಗಂಡ ರಾತ್ರಿ ಕಾವಲು, ಹಗಲು ಇಟ್ಟಿಗೆಗಳಿಗೆ ನೀರು ಹೊಡೆಯುವ ಕೆಲಸ. ಹೆಂಡತಿ ಮರಳು ಹೊರುತ್ತಾಳೆ. ತಗಡಿನ ಶೆಡ್ಡಿನಲ್ಲಿ ವಾಸ. ಆರು ವರ್ಷದ ಮಗಳು, ಎರಡು ವರ್ಷದ ಮಗ. ದಸರಾ ಮುಗಿದ ಮೇಲೆ ಬಂದವರು, ಯುಗಾದಿಗೆ ಊರಿಗೆ ಹೋಗುವವರು.

ಒಂದು ಭಾನುವಾರ ಆ ಹುಡುಗಿ ಮರಳಿನ ರಾಶಿಯ ಬದಿಗೆ ಕೂತು ಮಣ್ಣು ತಿನ್ನುತ್ತಿದ್ದಳು. ಆಟಕ್ಕಲ್ಲ, ಹಸಿದವರು ಉಣ್ಣುವ ಹಾಗೆ. ತಾಯಿಗೆ ಹೇಳಿದರೆ ಆಕೆಗೆ ಅದು ಹೊಸ ಸುದ್ದಿಯೇ ಅಲ್ಲ. “ಎಷ್ಟ್ ಹೊಡದ್ರೂ ಕೇಳಂಗಿಲ್ರಿ ಅಣ್ಣಾರ. ಗ್ವಾಡಿ ಸೈತ ಕೆರಕೊಂಡು ತಿಂತಾಳ. ಹೊಟ್ಟಿ ತುಂಬ ಹುಳ ಅವರಿ, ರಾತ್ರಿ ಹಲ್ಲ್ ಕಡಿತಾಳ” ಎಂದಳು. ಊರಲ್ಲಿರುವ ನನ್ನ ಅವ್ವನಿಗೆ ಫೋನ್ ಮಾಡಿದರೆ, ನಮಗೆಲ್ಲ ಚಿಕ್ಕಂದಿನಲ್ಲಿ ಕುಡಿಸಿದ ಹರಳೆಣ್ಣೆಯ ಉಪಾಯವನ್ನೇ ಹೇಳಿದಳು.

ನಾನು ಮತ್ತು ನನ್ನ ಹೆಂಡತಿ ಹುಡುಗಿಯನ್ನು ಡಾಕ್ಟರ ಬಳಿ ಕರೆದೊಯ್ದೆವು. ಹಿಮೋಗ್ಲೋಬಿನ್ 8.4 ಇತ್ತು. ಜಂತುಹುಳುವಿನ ಮಾತ್ರೆಯನ್ನು ಅಲ್ಲೇ ಅಗಿಸಿದರು, ಕಬ್ಬಿಣಾಂಶದ ಔಷಧ ಬರೆದುಕೊಟ್ಟರು. ಎರಡು ದಿನದಲ್ಲಿ ಹುಳ ಬಿದ್ದವು, ತಾಯಿಗೆ ಸಮಾಧಾನವಾಯಿತು. ಕೆಲಸ ಮುಗಿಯಿತೆಂದು ನಾನೂ ಅಂದುಕೊಂಡೆ. ನಾಲ್ಕು ತಿಂಗಳ ನಂತರ ಅದೇ ಹೊಟ್ಟೆನೋವು, ಅದೇ ಮಣ್ಣು, ಮತ್ತೆ ಹುಳ. ನಮ್ಮ ಕೆಲಸದಲ್ಲಿ ಮುಚ್ಚಿದ ದೋಷ ಮತ್ತೆ ತೆರೆದುಕೊಂಡರೆ, ಸರಿಪಡಿಸಿದ ಜಾಗ ತಪ್ಪಿರಬೇಕು ಎಂದು ಹುಡುಕುತ್ತೇವೆ. ಅದೇ ಅಭ್ಯಾಸದಲ್ಲಿ ಓದಲು ಕೂತೆ. ನಮ್ಮಂತೆ ಊರು ಬಿಟ್ಟವರೆಲ್ಲರ ಕಣ್ಣೆದುರಿನ ವಿಷಯವಾದ್ದರಿಂದ, ತಿಳಿದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಮಾತ್ರೆ ಮಾಡುವುದೇನು, ಮಾಡದ್ದೇನು

ಕೇಂದ್ರ ಸರ್ಕಾರ 2015ರ ಫೆಬ್ರುವರಿಯಲ್ಲಿ ರಾಷ್ಟ್ರೀಯ ಜಂತುಹುಳು ನಿವಾರಣಾ ದಿನವನ್ನು ಆರಂಭಿಸಿತು. 1ರಿಂದ 19 ವರ್ಷದವರೆಗಿನ ಮಕ್ಕಳಿಗೆ ಶಾಲೆ ಮತ್ತು ಅಂಗನವಾಡಿಗಳಲ್ಲಿ ಆಲ್ಬೆಂಡಜೋಲ್ 400 ಮಿಲಿಗ್ರಾಂ ಮಾತ್ರೆ ಕೊಡುತ್ತಾರೆ. ಎರಡು ವರ್ಷದೊಳಗಿನವರಿಗೆ ಅರ್ಧ ಮಾತ್ರೆ. ಫೆಬ್ರುವರಿ 10 ಮತ್ತು ಆಗಸ್ಟ್ 10 ಗೊತ್ತುಮಾಡಿದ ದಿನಗಳು. ರಾಜ್ಯಗಳು ತಮ್ಮ ಅನುಕೂಲಕ್ಕೆ ದಿನವನ್ನು ಹಿಂದೆ ಮುಂದೆ ಮಾಡುವುದುಂಟು. ಇದು ಅಗ್ಗದ, ಸುರಕ್ಷಿತವಾದ, ಒಳ್ಳೆಯ ಕಾರ್ಯಕ್ರಮ. ಅದನ್ನು ಹಗುರ ಮಾಡುವುದು ನನ್ನ ಉದ್ದೇಶವಲ್ಲ.

ಆದರೆ ಮಾತ್ರೆ ಅಂದು ಹೊಟ್ಟೆಯಲ್ಲಿರುವ ಹುಳವನ್ನು ತೆಗೆಯುತ್ತದೆ, ನಾಳೆ ಬರುವ ಹುಳವನ್ನು ತಡೆಯುವುದಿಲ್ಲ. ದುಂಡುಹುಳುವಿನ ಒಂದು ಹೆಣ್ಣು ದಿನಕ್ಕೆ 2 ಲಕ್ಷದವರೆಗೆ ಮೊಟ್ಟೆಯಿಡುತ್ತದೆ. ಆ ಮೊಟ್ಟೆಗಳು ಮಣ್ಣಿನಲ್ಲಿ ವರ್ಷಗಟ್ಟಲೆ ಉಳಿಯಬಲ್ಲವು. ಬೇರೆ ಬೇರೆ ದೇಶಗಳ ಅಧ್ಯಯನಗಳನ್ನು ಒಟ್ಟುಗೂಡಿಸಿ 2012ರಲ್ಲಿ ಪ್ರಕಟವಾದ ವಿಶ್ಲೇಷಣೆಯೊಂದು ಹೇಳುವಂತೆ, ಔಷಧ ಕೊಟ್ಟ ಆರು ತಿಂಗಳಿಗೆ ದುಂಡುಹುಳುವಿನ ಸೋಂಕು ಮೊದಲಿದ್ದ ಮಟ್ಟದ ಶೇ 68ಕ್ಕೆ ವಾಪಸಾಗುತ್ತದೆ, ವರ್ಷಕ್ಕೆ ಶೇ 94ಕ್ಕೆ. ಕೊಕ್ಕೆಹುಳು ಸ್ವಲ್ಪ ನಿಧಾನ: ಆರು ತಿಂಗಳಿಗೆ ಶೇ 55.

ಹಾಗಾದರೆ ಎರಡು ಮಾತ್ರೆಗಳ ನಡುವಿನ ತಿಂಗಳುಗಳಲ್ಲಿ ಮಗುವನ್ನು ಕಾಯುವುದು ಯಾವುದು? ಶೌಚಾಲಯ, ಚಪ್ಪಲಿ, ಸಾಬೂನು, ಶುದ್ಧ ನೀರು. ಇವು ಹೊರಗಿನ ಕಾವಲು. ಒಳಗೂ ಒಂದು ಕಾವಲಿದೆ. ಅದು ಮಗುವಿನ ಮೈಯೇ.

ಮೈ ಹುಳವನ್ನು ಹೇಗೆ ಹೊರಹಾಕುತ್ತದೆ

ಬ್ಯಾಕ್ಟೀರಿಯಾದಂತೆ ನುಂಗಿ ಕೊಲ್ಲಲು ಹುಳ ಬಲು ದೊಡ್ಡದು. ಆದ್ದರಿಂದ ಕರುಳು ಬೇರೆ ಉಪಾಯ ಮಾಡುತ್ತದೆ. ರಕ್ತದಲ್ಲಿರುವ ಟಿ-ಕೋಶಗಳು ಹುಳ ಬಂದದ್ದನ್ನು ಗುರುತಿಸಿ ಸಂದೇಶ ಕಳಿಸುತ್ತವೆ. ಆ ಸಂದೇಶದಿಂದ ಕರುಳಿನಲ್ಲಿ ಲೋಳೆ ಹೆಚ್ಚುತ್ತದೆ, ನೀರು ಒಸರುತ್ತದೆ, ಕರುಳಿನ ಸ್ನಾಯು ಜೋರಾಗಿ ಹಿಂಡುತ್ತದೆ. ಐಜಿಇ ಎಂಬ ಪ್ರತಿಕಾಯ ಮತ್ತು ಇಯೊಸಿನೋಫಿಲ್ ಎಂಬ ಬಿಳಿ ರಕ್ತಕಣಗಳು ಏರುತ್ತವೆ. ಹುಳಕ್ಕೆ ಕರುಳಿನಲ್ಲಿ ಹಿಡಿದು ನಿಲ್ಲುವುದು ಕಷ್ಟವಾಗುತ್ತದೆ.

ಈ ಸಂದೇಶ ಕಳಿಸುವ ಕೆಲಸಕ್ಕೆ ಬೇಕಾದ ಖನಿಜಗಳಲ್ಲಿ ಸತು, ಅಂದರೆ ಜಿಂಕ್, ಮುಖ್ಯವಾದದ್ದು. ಸತು ಕಡಿಮೆಯಾದರೆ ಟಿ-ಕೋಶಗಳು ಬೆಳೆಯುವ ಥೈಮಸ್ ಗ್ರಂಥಿಯೇ ಕುಗ್ಗುತ್ತದೆ. ಕೆನಡಾದ ಮೆಕ್‌ಗಿಲ್ ವಿಶ್ವವಿದ್ಯಾಲಯದ ಸಂಶೋಧಕರು 1990ರ ದಶಕದಲ್ಲಿ ಇಲಿಗಳಿಗೆ ಸತು ಕಡಿಮೆಯಿರುವ ಆಹಾರ ಕೊಟ್ಟು ಕರುಳಿನ ಹುಳುವಿನ ಸೋಂಕು ತಗಲಿಸಿ ನೋಡಿದರು. ಆ ಇಲಿಗಳಲ್ಲಿ ಸಂದೇಶ, ಪ್ರತಿಕಾಯ, ಇಯೊಸಿನೋಫಿಲ್ ಎಲ್ಲವೂ ಕುಸಿದಿದ್ದವು. ಹುಳಗಳು ಹೆಚ್ಚು ಸಂಖ್ಯೆಯಲ್ಲಿ ಉಳಿದುಕೊಂಡವು. ಸೆಲೆನಿಯಂ ಎಂಬ ಇನ್ನೊಂದು ಖನಿಜದ ಕೊರತೆಯಿದ್ದ ಇಲಿಗಳಲ್ಲಿಯೂ ಹುಳ ಹೊರಬೀಳುವುದು ತಡವಾಗುತ್ತದೆ ಎಂದು ಅಮೆರಿಕದ ಕೃಷಿ ಇಲಾಖೆಯ ವಿಜ್ಞಾನಿಗಳು 2005ರಲ್ಲಿ ತೋರಿಸಿದರು.

ಇಲಿಯಲ್ಲಿ ಕಂಡದ್ದು ಮನುಷ್ಯರಲ್ಲಿ ಅಷ್ಟೇ ಸ್ಪಷ್ಟವಾಗಿ ಕಾಣುವುದಿಲ್ಲ. ಶಾಲಾ ಮಕ್ಕಳ ಮೇಲಿನ ಪ್ರಯೋಗಗಳನ್ನು ಒಟ್ಟಿಗೆ ನೋಡಿದ 2014ರ ವಿಶ್ಲೇಷಣೆ, ಸೂಕ್ಷ್ಮ ಪೋಷಕಾಂಶ ಕೊಟ್ಟರೆ ಹುಳುವಿನ ಸೋಂಕಿನಿಂದ ಸಾಧಾರಣ ಮಟ್ಟದ ರಕ್ಷಣೆಯಷ್ಟೇ ಸಿಗುತ್ತದೆ ಎಂದಿತು. ಆದ್ದರಿಂದ ‘ಜಿಂಕ್ ಮಾತ್ರೆ ತಿನ್ನಿಸಿ, ಹುಳ ಓಡಿಸಿ’ ಎಂದು ಯಾರಾದರೂ ಮಾರಲು ಬಂದರೆ ನಂಬಬೇಡಿ. ಸತು ಹೆಚ್ಚಾದರೆ ತಾಮ್ರದ ಕೊರತೆಯಾಗುತ್ತದೆ. ಭೇದಿಯಾದಾಗ ಓಆರ್‌ಎಸ್ ಜೊತೆ 14 ದಿನ ಸತುವಿನ ಮಾತ್ರೆ ಕೊಡುವುದು ಬೇರೆ ಮಾತು, ಅದಕ್ಕೆ ಗಟ್ಟಿ ಆಧಾರವಿದೆ. ಇಲ್ಲಿ ನಾನು ಹೇಳುತ್ತಿರುವುದು ದಿನದ ಊಟದ ವಿಚಾರ. ಊಟದಲ್ಲಿ ಖನಿಜ ಕೊರತೆಯಿರುವ ಮಗುವಿಗೆ ವರ್ಷಕ್ಕೆ ಎರಡು ಮಾತ್ರೆ ಕೊಡುವುದು, ಬಾಗಿಲು ಹಾಕದೆ ಮನೆ ಗುಡಿಸಿದಂತೆ.

ಆ ಕೊರತೆ ಅಪರೂಪವೂ ಅಲ್ಲ. 2016–18ರ ಸಮಗ್ರ ರಾಷ್ಟ್ರೀಯ ಪೋಷಣೆ ಸಮೀಕ್ಷೆಯ ಪ್ರಕಾರ ದೇಶದಲ್ಲಿ 1ರಿಂದ 4 ವರ್ಷದ ಮಕ್ಕಳಲ್ಲಿ ಶೇ 19, 5ರಿಂದ 9 ವರ್ಷದವರಲ್ಲಿ ಶೇ 17, ಹದಿಹರೆಯದವರಲ್ಲಿ ಶೇ 32ರಷ್ಟು ಮಂದಿಗೆ ಸತುವಿನ ಕೊರತೆಯಿದೆ. ರಕ್ತಹೀನತೆಯ ಲೆಕ್ಕ ಇನ್ನೂ ದೊಡ್ಡದು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಐದು ವರ್ಷದೊಳಗಿನ ಮಕ್ಕಳ ಪೈಕಿ ಕರ್ನಾಟಕದಲ್ಲಿ ಶೇ 65.5, ಮಹಾರಾಷ್ಟ್ರದಲ್ಲಿ ಶೇ 68.9 ಮಂದಿಗೆ ರಕ್ತಹೀನತೆ ಇತ್ತು. ಹುಳುವಿನ ವಿಷಯದಲ್ಲಿ ಇದು ಎರಡು ಕಡೆಯಿಂದ ಸುತ್ತುವ ಚಕ್ರ. ರಕ್ತ ಕಡಿಮೆಯಾದ ಮಕ್ಕಳಲ್ಲಿ ಮಣ್ಣು ತಿನ್ನುವ ಚಟ ಹೆಚ್ಚಾಗಿ ಕಾಣುತ್ತದೆ. ಮಣ್ಣಿನ ಜೊತೆ ಹುಳುವಿನ ಮೊಟ್ಟೆ ಒಳಗೆ ಹೋಗುತ್ತದೆ. ಹುಳ ಹಸಿವನ್ನು ಕೊಲ್ಲುತ್ತದೆ, ಉಂಡದ್ದು ಮೈಗೆ ಹತ್ತದಂತೆ ಮಾಡುತ್ತದೆ. ಕೊಕ್ಕೆಹುಳುವಾದರೆ ರಕ್ತವನ್ನೇ ಕುಡಿಯುತ್ತದೆ.

ರೊಟ್ಟಿಯಲ್ಲಿದೆ, ಮೈಗೆ ಹತ್ತುವುದಿಲ್ಲ

‘ನಮ್ಮ ಕಡೆ ಜೋಳ, ಸಜ್ಜೆ ತಿನ್ನುವವರು. ನಮಗೆಲ್ಲಿಯ ಕೊರತೆ?’ ಎಂದು ನಾನೂ ಕೇಳಿದ್ದೆ. ಧಾನ್ಯದಲ್ಲಿ ಕಬ್ಬಿಣ, ಸತು ಇರುವುದು ನಿಜ. ಅದರ ಜೊತೆ ಫೈಟೇಟ್ ಎಂಬ ಪದಾರ್ಥವೂ ಇರುತ್ತದೆ. ಅದು ಕಬ್ಬಿಣ ಮತ್ತು ಸತುವನ್ನು ಕರುಳಿನಲ್ಲಿ ಹಿಡಿದಿಟ್ಟು ಹೊರಗೆ ಸಾಗಿಸಿಬಿಡುತ್ತದೆ. ಊಟದ ಜೊತೆ ಚಹಾ ಕುಡಿದರೆ ಕಬ್ಬಿಣ ಇನ್ನೂ ಕಡಿಮೆ ಹತ್ತುತ್ತದೆ. ಶೆಡ್ಡಿನ ಹುಡುಗಿಯ ಬೆಳಗಿನ ಊಟ ಏನು ಗೊತ್ತೆ? ಚಹಾದಲ್ಲಿ ಅದ್ದಿದ ರಾತ್ರಿಯ ರೊಟ್ಟಿ.

ಇದಕ್ಕೆ ಬೆಳಗಾವಿಯಲ್ಲೇ ಒಂದು ಲೆಕ್ಕ ಸಿಕ್ಕಿದೆ. ಅಲ್ಲಿ ಸುಮಾರು ಎರಡು ವರ್ಷದ ಮಕ್ಕಳಿಗೆ ಸಾಮಾನ್ಯ ಸಜ್ಜೆ ಮತ್ತು ಖನಿಜ ಹೆಚ್ಚಿರುವಂತೆ ಬೆಳೆಸಿದ ಸಜ್ಜೆಯ ಊಟ ಕೊಟ್ಟು ಅಳೆದ ಅಧ್ಯಯನ 2013ರಲ್ಲಿ ಪ್ರಕಟವಾಯಿತು. ಸಾಮಾನ್ಯ ಸಜ್ಜೆ ತಿಂದ ಮಕ್ಕಳ ಮೈಗೆ ದಿನಕ್ಕೆ ಹತ್ತಿದ ಕಬ್ಬಿಣ ಸರಾಸರಿ 0.23 ಮಿಲಿಗ್ರಾಂ. ಸುಧಾರಿತ ಸಜ್ಜೆಯಿಂದ 0.67 ಮಿಲಿಗ್ರಾಂ. ಸತು 0.67ರಿಂದ 0.95ಕ್ಕೆ ಏರಿತು.

ಈಗ ಹುಳುವಿನ ಖರ್ಚನ್ನು ಪಕ್ಕದಲ್ಲಿಡಿ. ನೆಕೇಟರ್ ಜಾತಿಯ ಒಂದು ಕೊಕ್ಕೆಹುಳು ದಿನಕ್ಕೆ ಸುಮಾರು 0.03 ಮಿಲಿಲೀಟರ್ ರಕ್ತ ನಷ್ಟ ಮಾಡುತ್ತದೆ. 50 ಹುಳ ಇದ್ದರೆ 1.5 ಮಿಲಿಲೀಟರ್. ಹಿಮೋಗ್ಲೋಬಿನ್ 8.4 ಇರುವ ಮಗುವಿನ ರಕ್ತವಾದರೆ ಅದರಲ್ಲಿ ಸುಮಾರು 0.4 ಮಿಲಿಗ್ರಾಂ ಕಬ್ಬಿಣವಿರುತ್ತದೆ. ಅದರಲ್ಲಿ ಒಂದು ಭಾಗವನ್ನು ಕರುಳು ಮತ್ತೆ ಹೀರಿಕೊಳ್ಳುತ್ತದೆ, ನಿಜ. ಆದರೂ ಬರುವುದು 0.23, ಹೋಗುವುದು 0.4ರ ಆಸುಪಾಸು ಎಂದಾದರೆ ಆ ಮನೆಯ ಲೆಕ್ಕ ಎಲ್ಲಿಗೆ ಮುಟ್ಟುತ್ತದೆ? ಸುಧಾರಿತ ಸಜ್ಜೆ ತಿಂದರೆ ಅದೇ ಲೆಕ್ಕ ಸರಿದೂಗಬಲ್ಲದು.

ಅಂಥ ತಳಿಗಳು ನಮ್ಮ ಸುತ್ತಲೇ ಇವೆ. ಮಹಾರಾಷ್ಟ್ರದಲ್ಲಿ ‘ಧನಶಕ್ತಿ’ ಸಜ್ಜೆ 2012ರಿಂದ ಇದೆ. ಇಕ್ರಿಸ್ಯಾಟ್ ಜೊತೆ ಸೇರಿ ಪರಭಣಿಯ ಕೃಷಿ ವಿಶ್ವವಿದ್ಯಾಲಯ 2018ರಲ್ಲಿ ಕಬ್ಬಿಣ, ಸತು ಹೆಚ್ಚಿರುವ ‘ಪರಭಣಿ ಶಕ್ತಿ’ ಜೋಳವನ್ನು ಬಿಡುಗಡೆ ಮಾಡಿತು. ಮಣ್ಣಿನ ಕಥೆಯೂ ಇದಕ್ಕೆ ಸೇರಿದೆ. ದೇಶದ ಮಣ್ಣಿನ ಮಾದರಿಗಳಲ್ಲಿ ಮೂರರಲ್ಲಿ ಒಂದಕ್ಕಿಂತ ಹೆಚ್ಚಿನವುಗಳಲ್ಲಿ ಸತು ಕೊರತೆಯಿದೆ. ಕರ್ನಾಟಕ ಸರ್ಕಾರ 2009ರಲ್ಲಿ ‘ಭೂಚೇತನ’ ಯೋಜನೆ ತಂದು ಒಣಭೂಮಿಯ ಮಣ್ಣು ಪರೀಕ್ಷಿಸಿ ಸತುವಿನ ಸಲ್ಫೇಟ್, ಬೋರಾನ್, ಜಿಪ್ಸಂ ಹಾಕಿಸಿತು, ಇಳುವರಿ ಏರಿತು. ಹೊಲದ ಮಣ್ಣಿಗೆ ಸತು ಬೇಕೆಂದು ಗುರುತಿಸಿದ ನಾವು, ಮಣ್ಣು ತಿನ್ನುವ ಮಗುವಿಗೆ ಅದು ಬೇಕೆಂದು ಇನ್ನೂ ಅಷ್ಟು ಗಟ್ಟಿಯಾಗಿ ಹೇಳಿಲ್ಲ. ಸಾರವರ್ಧಿತ ಅಕ್ಕಿಗೆ ಸೇರಿಸುವುದು ಕಬ್ಬಿಣ, ಫೋಲಿಕ್ ಆಮ್ಲ ಮತ್ತು ಬಿ12. ಸತು ಅದರಲ್ಲಿ ಕಡ್ಡಾಯವಲ್ಲ.

ಎರಡು ರಾಜ್ಯಗಳ ನಡುವೆ

ಇಲ್ಲಿಗೆ ಮೊಟ್ಟೆಯ ವಿಷಯ ಬರುತ್ತದೆ. ಕರ್ನಾಟಕದಲ್ಲಿ 2021ರ ಡಿಸೆಂಬರ್‌ನಲ್ಲಿ ಯಾದಗಿರಿ ಸೇರಿದಂತೆ ಏಳು ಜಿಲ್ಲೆಗಳ ಶಾಲೆಗಳಲ್ಲಿ ಬಿಸಿಯೂಟದ ಜೊತೆ ಮೊಟ್ಟೆ ಆರಂಭವಾಯಿತು. ಎಷ್ಟು ಗದ್ದಲವಾಯಿತೆಂದು ನಿಮಗೆ ನೆನಪಿರಬಹುದು. ಮೊಟ್ಟೆ ಸಿಕ್ಕ ಯಾದಗಿರಿಯ ಮಕ್ಕಳನ್ನು ಆಗ ಮೊಟ್ಟೆಯಿಲ್ಲದ ಗದಗಿನ ಮಕ್ಕಳೊಂದಿಗೆ ಹೋಲಿಸಿದ ಅಧ್ಯಯನದಲ್ಲಿ ಯಾದಗಿರಿಯ ಮಕ್ಕಳ ತೂಕ ಹೆಚ್ಚು ಏರಿದ್ದು ಕಂಡಿತು. ಮುಂದೆ ಯೋಜನೆ ಇಡೀ ರಾಜ್ಯಕ್ಕೆ ಹಬ್ಬಿತು. 2024ರಲ್ಲಿ ಅಜೀಂ ಪ್ರೇಮ್‌ಜಿ ಫೌಂಡೇಶನ್ ನೆರವಿನಿಂದ ವಾರಕ್ಕೆ ಆರು ದಿನವಾಯಿತು. ತಿನ್ನದವರಿಗೆ ಬಾಳೆಹಣ್ಣು.

ಮಹಾರಾಷ್ಟ್ರದ ದಾರಿ ಉಲ್ಟಾ. 2023ರ ನವೆಂಬರ್‌ನಲ್ಲಿ ವಾರಕ್ಕೊಂದು ಮೊಟ್ಟೆ ಎಂದು ಆದೇಶವಾಯಿತು. 2025ರ ಜನವರಿಯಲ್ಲಿ ಸರ್ಕಾರ ಅದಕ್ಕೆ ಹಣ ಕೊಡುವುದನ್ನು ನಿಲ್ಲಿಸಿ, ಬೇಕಿದ್ದರೆ ಶಾಲೆಗಳು ಜನರ ದೇಣಿಗೆಯಿಂದ ಕೊಡಲಿ ಎಂದಿತು.

ಮೊಟ್ಟೆಯೇ ಸರ್ವರೋಗಕ್ಕೆ ಮದ್ದು ಎಂದು ನಾನು ಹೇಳುತ್ತಿಲ್ಲ. ಒಂದು ಮೊಟ್ಟೆಯಲ್ಲಿ ಸತು ಇರುವುದು 0.6 ಮಿಲಿಗ್ರಾಂ ಚಿಲ್ಲರೆ. 4ರಿಂದ 6 ವರ್ಷದ ಮಗುವಿಗೆ ದಿನಕ್ಕೆ ಬೇಕಾದದ್ದು 4.5 ಎಂದು ರಾಷ್ಟ್ರೀಯ ಪೋಷಣೆ ಸಂಸ್ಥೆ ಹೇಳುತ್ತದೆ. ಅಂದರೆ ಏಳನೇ ಒಂದು ಪಾಲು. ಆದರೆ ಮೊಟ್ಟೆಯಲ್ಲಿ ಫೈಟೇಟ್ ಇಲ್ಲ. ಸೆಲೆನಿಯಂ ಚೆನ್ನಾಗಿದೆ, ಉತ್ತಮ ಪ್ರೋಟೀನ್ ಇದೆ. ಹುಳುವಿನೊಡನೆ ಹೋರಾಡುವ ಕೋಶಗಳು ಪ್ರೋಟೀನಿನಿಂದಲೇ ಆಗಬೇಕು. ಜೋಳ-ಬೇಳೆಯ ಊಟಕ್ಕೆ ಅದು ಒಳ್ಳೆಯ ಜೊತೆ.

ನಮ್ಮ ಗಲ್ಲಿಯ ಹುಡುಗಿಗೆ ಇವೆಲ್ಲ ಹೇಗೆ ತಪ್ಪುತ್ತವೆ ನೋಡಿ. ಆಕೆಯ ಹೆಸರು ಯಾದಗಿರಿ ಜಿಲ್ಲೆಯ ಒಂದು ಶಾಲೆಯ ಒಂದನೇ ತರಗತಿಯಲ್ಲಿದೆ. ಅಲ್ಲಿ ವಾರಕ್ಕೆ ಆರು ಮೊಟ್ಟೆ, ಫೆಬ್ರುವರಿಯಲ್ಲಿ ಮಾತ್ರೆ. ಆಗ ಆಕೆ ಧನಕವಡಿಯಲ್ಲಿರುತ್ತಾಳೆ. ಇಲ್ಲಿ ಆಕೆ ಯಾವ ಶಾಲೆಯ ಪಟ್ಟಿಯಲ್ಲೂ ಇಲ್ಲ. ಇನ್ನು ಮೊಟ್ಟೆ? ಪಟ್ಟಿಯಲ್ಲಿದ್ದರೂ ಅದು ದಾನಿಗಳನ್ನು ಅವಲಂಬಿಸಿದ ಮಾತು. ಊರಿನ ಹಾಜರಿಯಲ್ಲಿ ‘ಗೈರು’, ಇಲ್ಲಿ ಹೆಸರೇ ಇಲ್ಲ.

ಒಂದು ದೇಶ ಒಂದು ಪಡಿತರ ಚೀಟಿಯಿಂದ ಈ ಕುಟುಂಬ ಪುಣೆಯಲ್ಲೂ ತನ್ನ ಪಾಲಿನ ಧಾನ್ಯ ಪಡೆಯಬಹುದು. ಅದು ದೊಡ್ಡ ಸಾಧನೆ. ಚೀಟಿ ಗಡಿ ದಾಟುತ್ತದೆ, ಅಕ್ಕಿ ಗಡಿ ದಾಟುತ್ತದೆ. ಮೊಟ್ಟೆ, ಮಾತ್ರೆ, ಮಗುವಿನ ಆರೋಗ್ಯದ ದಾಖಲೆ ದಾಟುವುದಿಲ್ಲ. ನನ್ನ ವೃತ್ತಿಯ ಕಣ್ಣಿನಿಂದ ನೋಡಿದರೆ ಇದು ಕಷ್ಟದ ತಾಂತ್ರಿಕ ಸಮಸ್ಯೆಯೇ ಅಲ್ಲ. ಅಂಗನವಾಡಿಯ ಪೋಷಣ್ ಟ್ರ್ಯಾಕರ್‌ನಲ್ಲಿ ಮಗುವನ್ನು ಒಂದು ರಾಜ್ಯದಿಂದ ಇನ್ನೊಂದಕ್ಕೆ ವರ್ಗಾಯಿಸುವ ಅವಕಾಶ ಆಗಲೇ ಇದೆ. ಶಾಲೆಯ ಮಕ್ಕಳದ್ದು ಬೇರೆ ಕಥೆ. ಕರ್ನಾಟಕದ ಲೆಕ್ಕ ಸ್ಯಾಟ್ಸ್‌ನಲ್ಲಿ, ಮಹಾರಾಷ್ಟ್ರದ್ದು ಸರಲ್‌ನಲ್ಲಿ. ಮಾತ್ರೆ ದಿನದ ವರದಿ ಎಷ್ಟು ಮಕ್ಕಳಿಗೆ ಕೊಟ್ಟೆವು ಎಂಬ ಎಣಿಕೆ, ಯಾವ ಮಗುವಿಗೆ ತಪ್ಪಿತು ಎಂಬುದಲ್ಲ. ವಲಸೆ ಹೋಗುವ ತಾಲ್ಲೂಕುಗಳೂ ಹೋಗುವ ತಿಂಗಳುಗಳೂ ಗೊತ್ತಿರುವಾಗ, ದಸರಾಕ್ಕೆ ಮುಂಚೆ ಊರಿನಲ್ಲೇ ಮಾತ್ರೆ ಕೊಟ್ಟು, ಪುಣೆಯ ವಾರ್ಡಿಗೆ ಪಟ್ಟಿ ಕಳಿಸಲು ಹೊಸ ಕಾನೂನು ಬೇಕಿಲ್ಲ. ಎರಡು ರಾಜ್ಯಗಳ ಇಲಾಖೆಗಳು ಕೂತು ಮಾತಾಡಬೇಕು, ಅಷ್ಟೇ.

ನಾವು ಮಾಡಬಹುದಾದದ್ದು

ಈ ಅಂಕಣ ಓದುವ ನೀವು ಪುಣೆಯಲ್ಲೋ ಮುಂಬೈಯಲ್ಲೋ ಹೈದರಾಬಾದಿನಲ್ಲೋ ಇರಬಹುದು. ನಿಮ್ಮ ಪಕ್ಕದಲ್ಲೂ ಒಂದು ಕಟ್ಟಡ ಏಳುತ್ತಿರುತ್ತದೆ, ಅಲ್ಲೂ ನಮ್ಮ ಭಾಷೆ ಕೇಳಿಸಬಹುದು. ಶಾಲೆಗೆ ಹೋಗದ ಮಕ್ಕಳಿಗೂ ಮಾತ್ರೆ ದಿನದಂದು ಹತ್ತಿರದ ಅಂಗನವಾಡಿಯಲ್ಲಿ ಮಾತ್ರೆ ಕೊಡಬೇಕೆಂಬುದು ಕಾರ್ಯಕ್ರಮದ ನಿಯಮ. ದುಡ್ಡು ಕೊಡಬೇಕಿಲ್ಲ, ಆಧಾರ್ ವಿಳಾಸ ಇಲ್ಲಿಯದೇ ಆಗಬೇಕಿಲ್ಲ. ಇದು ಆ ತಾಯಂದಿರಿಗೆ ಗೊತ್ತಿಲ್ಲ. ಭಾಷೆ ಬಾರದ್ದರಿಂದ ಕೇಳಲು ಅಂಜುತ್ತಾರೆ. ಅಲ್ಲಿಗೆ ಒಮ್ಮೆ ಜೊತೆಯಲ್ಲಿ ಹೋಗಿ ನಾಲ್ಕು ಮರಾಠಿ ಮಾತು ಆಡುವುದು ನಮ್ಮಿಂದಾಗುವ ಕೆಲಸ. ಐವತ್ತಕ್ಕಿಂತ ಹೆಚ್ಚು ಹೆಣ್ಣಾಳು ದುಡಿಯುವ ಕಟ್ಟಡದಲ್ಲಿ ಮಕ್ಕಳಿಗೆ ಶಿಶುಪಾಲನಾ ಕೊಠಡಿ ಇರಬೇಕೆಂದು 1996ರ ಕಟ್ಟಡ ಕಾರ್ಮಿಕರ ಕಾಯ್ದೆ ಹೇಳಿತ್ತು. ಫ್ಲ್ಯಾಟ್ ಬುಕ್ ಮಾಡುವಾಗ ಜಿಮ್ ಎಲ್ಲಿದೆ ಎಂದು ಕೇಳುವ ನಾವು ಇದನ್ನೂ ಕೇಳಬಹುದು.

ಊಟದ ವಿಷಯದಲ್ಲಿ ನನ್ನ ಹೆಂಡತಿ ಉಪದೇಶ ಮಾಡಲಿಲ್ಲ. ಒಂದು ಸಂಜೆ ಹೋಗಿ ಮಾತಾಡಿ ಬಂದಳು. ಚಹಾ ಊಟದ ಜೊತೆ ಬೇಡ, ಒಂದು ತಾಸು ಆದ ಮೇಲೆ. ಮಡಿಕೆ ಕಾಳು ಮೊಳಕೆ ಬರಿಸಿದರೆ ಫೈಟೇಟ್ ಇಳಿಯುತ್ತದೆ. ಪುಣೆಯ ಯಾವ ತರಕಾರಿ ಗಾಡಿಯಲ್ಲಾದರೂ ಮೊಳಕೆ ಬಂದ ಮಟಕಿ ಸಿಗುತ್ತದೆ. ಮೇಲೆ ನಿಂಬೆಹಣ್ಣು ಹಿಂಡಿದರೆ ಕಬ್ಬಿಣ ಚೆನ್ನಾಗಿ ಹತ್ತುತ್ತದೆ. ನಮ್ಮ ಅಜ್ಜಿಯಂದಿರು ಹುಳಿ ಬರಿಸಿದ ಅಂಬಲಿ ಮಾಡುತ್ತಿದ್ದುದರಲ್ಲೂ ಇದೇ ಲಾಭವಿತ್ತು. ತಾಯಿ ಎಲ್ಲ ಕೇಳಿಸಿಕೊಂಡು, “ಅಂಬಲಿ ನಾ ಮಾಡ್ತೀನ್ರಿ ಅಕ್ಕಾರ. ಆದ್ರ ನೀರು ಟ್ಯಾಂಕರಿಂದು, ಕಾಲಿಗಿ ಚಪ್ಪಲ್ ಹಾಕಂದ್ರ ಹಾಕಂಗಿಲ್ಲ ಇಕಿ” ಎಂದಳಂತೆ. ಆಕೆ ಹೇಳಿದ್ದು ಸರಿ. ಕೊಳಕು ನೀರು, ಬರಿಗಾಲು, ಬಯಲಿನ ಶೌಚ ಹಾಗೇ ಇದ್ದರೆ ಖನಿಜ ಒಂದರಿಂದಲೇ ಏನೂ ಆಗದು. 2025ರ ಜನವರಿಯಲ್ಲಿ ನಮ್ಮ ಪಕ್ಕದ ಸಿಂಹಗಡ ರಸ್ತೆ ಭಾಗದಲ್ಲಿ ಜಿಬಿಎಸ್ ಕಾಯಿಲೆ ಹಬ್ಬಿದಾಗ ಕಲುಷಿತ ನೀರಿನ ಮೇಲೆ ಅನುಮಾನ ಬಂದು, ಇಡೀ ಪುಣೆ ನೀರು ಕುದಿಸಿ ಕುಡಿಯಿತು. ಶೆಡ್ಡುಗಳಲ್ಲಿ ಕುದಿಸಲು ಗ್ಯಾಸ್ ಎಲ್ಲಿಂದ ಬರಬೇಕು ಎಂದು ಆಗ ನಾವ್ಯಾರೂ ಯೋಚಿಸಲಿಲ್ಲ.

ಯುಗಾದಿಗೆ ಎರಡು ದಿನ ಮುಂಚೆ ಅವರು ಸ್ವಾರಗೇಟ್‌ನಿಂದ ಬಸ್ ಹಿಡಿಯುವವರಿದ್ದರು. ನಾನು ಒಂದು ಹಾಳೆಯಲ್ಲಿ ಕನ್ನಡದಲ್ಲಿ ಬರೆದುಕೊಟ್ಟೆ: ಹುಡುಗಿಗೆ ಎರಡು ಸಲ ಮಾತ್ರೆ ಕೊಟ್ಟ ದಿನಾಂಕ, ಮೊದಲ ರಕ್ತ ಪರೀಕ್ಷೆ 8.4, ಎರಡನೆಯದು 9.6, ಕಬ್ಬಿಣದ ಔಷಧ ಇನ್ನೂ ಎರಡು ತಿಂಗಳು. ತಮ್ಮನದ್ದೂ ಬರೆದೆ. ಊರಿನ ಶಾಲೆಯ ಟೀಚರಿಗೂ ಆಶಾ ಅಕ್ಕನಿಗೂ ತೋರಿಸು ತಂಗಿ ಎಂದೆ. ಆಕೆ ಓದಲಿಲ್ಲ, ಮಡಚಿ ರೇಷನ್ ಕಾರ್ಡಿನ ಪ್ಲಾಸ್ಟಿಕ್ ಕವರಿನೊಳಗೆ ಇಟ್ಟುಕೊಂಡಳು. ಜೂನ್‌ನಲ್ಲಿ ಶಾಲೆ ಶುರುವಾದ ಮೇಲೆ ಫೋನ್ ಮಾಡಿ ಕೇಳಬೇಕು, ತೋರಿಸಿದಳೋ ಇಲ್ಲವೋ ಎಂದು.